ಕಸದ ಗಾಡಿಯಲ್ಲಿ ಒಂದು ಎಳ್ಳು

ಗಲಾಟೆ ಶುರುವಾದದ್ದು ಒಂದೇ ಒಂದು ಎಳ್ಳಿನಿಂದ.

ಪೀಣ್ಯದ ಶೆಡ್ಡೊಂದರಲ್ಲಿ ಕಸ ಹೊರುವ ಟಿಪ್ಪರ್ ಗಾಡಿ ಮದುವಣಗಿತ್ತಿಯ ಹಾಗೆ ಹೊಳೆಯುತ್ತ ನಿಂತಿತ್ತು. ಅದು ಹಡಗು ಹತ್ತಿ ದೂರದ ದ್ವೀಪದೇಶಕ್ಕೆ ಹೋಗಬೇಕು. ಆ ದೇಶದವರದು ಬಹಳ ಕಟ್ಟುನಿಟ್ಟು. ಗಾಡಿಯಲ್ಲಿ ಮಣ್ಣು, ಹುಳ, ಬೀಜ ಏನೂ ಇರಕೂಡದು. ಅವೇನೂ ಇಲ್ಲವೆಂದು, ಗಾಡಿ ತಯಾರಿಸಿದ ಕಂಪನಿಗೆ ಸಂಬಂಧಪಡದ ಹೊರಗಿನವನೊಬ್ಬ ಮೊದಲೇ ನೋಡಿ ಬರೆದುಕೊಡಬೇಕು. ಊರ ಕಸವನ್ನೆಲ್ಲ ಹೊರಲು ಹೊರಟ ಗಾಡಿಯಲ್ಲಿ ಒಂದು ಚೂರು ಕಸ ಇರಬಾರದಂತೆ!

ಆ ಹೊರಗಿನವನೇ ನಮ್ಮ ಹನುಮಯ್ಯ. ತಪಾಸಣೆ ಕಚೇರಿಯಲ್ಲಿ ಅವನ ಪ್ರೊಬೇಷನ್ ನಡೆಯುತ್ತಿತ್ತು. ಒಂದೇ ಒಂದು ದೂರು ಬಂದರೂ ಮನೆಗೆ ಕಳಿಸುತ್ತೇನೆಂದು ಸಾಹೇಬರು ಹೇಳಿಯಾಗಿತ್ತು. ಹಾಗಾಗಿ ಫ್ಯಾಕ್ಟರಿಯವರ ನೀರನ್ನೂ ಅವನು ಮುಟ್ಟುತ್ತಿರಲಿಲ್ಲ. ಅಂದು ಸಂಕ್ರಾಂತಿಯ ಮರುದಿನ ಬೇರೆ. ಗೇಟಿನಲ್ಲಿ ಸೆಕ್ಯುರಿಟಿ ಚಿಕ್ಕಮುನಿಯಪ್ಪ ಒಂದು ಹಿಡಿ ಎಳ್ಳು-ಬೆಲ್ಲ ನೀಡಿದಾಗ ಹನುಮಯ್ಯ ಹಾವು ತುಳಿದವನಂತೆ ಹಾರಿದ.

"ಬೇಡಪ್ಪ! ನಾನು ಸ್ವತಂತ್ರ ತಪಾಸಣೆಯವನು. ನನ್ನ ಹೆಂಡ್ತಿ ಕೊಟ್ಟಿದ್ದನ್ನೇ ಬೇಡ ಅಂದು ಬಂದಿದೀನಿ."

ನೀಲಿ ಕೋಟು ತೊಟ್ಟು, ಟಾರ್ಚು ಹಿಡಿದು ಗಾಡಿಯಡಿಗೆ ತೂರಿದ. ಹತ್ತು ನಿಮಿಷಕ್ಕೆ ಒಳಗಿಂದ ಕೂಗು ಬಂತು. "ಎಳ್ಳು!"

ಮ್ಯಾನೇಜರ್ ಪದ್ಮಾವತಿ ಓಡಿ ಬಂದರು. ಹನುಮಯ್ಯನ ಬೆರಳ ತುದಿಯಲ್ಲಿ ಬಿಳಿ ಎಳ್ಳೊಂದು ಕೂತಿತ್ತು.

"ಉರ್ದಿರೋ ಎಳ್ಳು ಎಲ್ ಸಾಮಿ ಮೊಳಿತದೆ?" ಎಂದ ಚಿಕ್ಕಮುನಿಯಪ್ಪ.

"ಹುರಿದಿದ್ದೋ ಹಸೀದೋ, ಬೀಜ ಬೀಜಾನೇ. ತೊಳೀರಿ!"

"ಮುಂಜಾನಿಂದ ಎರಡ ಸಲ ತೊಳದೇನ್ರಿ ಸರ," ಎಂದು ಗೊಣಗುತ್ತ ಸಿದ್ರಾಮ ಪೈಪು ಹಿಡಿದ. ವಿಜಾಪುರದ ಕಡೆಯಿಂದ ಬಂದು ಇಲ್ಲಿ ಗಾಡಿ ತೊಳೆಯುವ ಕೆಲಸ ಅವನದು.

ತೊಳೆದಾಯಿತು. ಹನುಮಯ್ಯ ಮತ್ತೆ ತೂರಿದ. ಈ ಸಲ ಕ್ಲಚ್ಚಿನ ಹತ್ತಿರ ಕೊಬ್ಬರಿ ಚೂರು, ಹುರಿಗಡಲೆ!

ಪದ್ಮಾವತಿ ನಲವತ್ತು ಜನರನ್ನೂ ಸಾಲಾಗಿ ನಿಲ್ಲಿಸಿ ಜೇಬು ಖಾಲಿ ಮಾಡಿಸಿದರು. ಒಂದು ಬಕೆಟ್ ಎಳ್ಳು-ಬೆಲ್ಲ ಸೇರಿತು. "ಗಾಡಿಗೆ ಕದ್ದು ಪೂಜೆ ಮಾಡಿ ಎಳ್ಳು ಎರಚಿದ್ಯಾ?" ಎಂದು ಚಿಕ್ಕಮುನಿಯಪ್ಪನನ್ನು ಗದರಿದರು.

"ಮುನೇಶ್ವರನಾಣೆ, ಇಲ್ಲ ಕಣಮ್ಮೋ!"

ಮತ್ತೆ ತೊಳೆತ. ಮೂರನೇ ತಪಾಸಣೆ. ಸೀಟಿನ ಮೇಲೆ ಇಡೀ ಒಂದು ಕಡಲೆಬೀಜ. ಸಿದ್ರಾಮ ಒದ್ದೆ ನೆಲದ ಮೇಲೇ ಕೂತುಬಿಟ್ಟ.

"ನಾಲ್ಕಕ್ಕೆ ಗಾಡಿ ಹೊತ್ಕೊಂಡು ಟ್ರೇಲರ್ ಹೊರಡ್ಬೇಕು ಸಾರ್," ಪದ್ಮಾವತಿ ಗಡಿಯಾರ ತೋರಿಸಿದರು. "ಹಡಗು ತಪ್ಪಿದ್ರೆ ನಿಮ್ಮ ಸಾಹೇಬ್ರಿಗೇ ಫೋನ್ ಮಾಡ್ತೀನಿ."

ಹನುಮಯ್ಯನಿಗೆ ತನ್ನ ಪ್ರೊಬೇಷನ್ ನೆನಪಾಯಿತು. ಎಲ್ಲರನ್ನೂ ಇಪ್ಪತ್ತಡಿ ದೂರ ನಿಲ್ಲಿಸಿ, ನಾಲ್ಕನೇ ಸಲ ಒಬ್ಬನೇ ಕ್ಯಾಬಿನ್ನಿಗೆ ಹತ್ತಿದ. ಸೀಟಿನಡಿಗೆ ಬಗ್ಗಿದಾಗ ಸೊಂಟಕ್ಕೆ ಏನೋ ಒತ್ತಿತು. ಎಂದೂ ಕೈಹಾಕದ ಕೋಟಿನ ಪಕ್ಕದ ಜೇಬಿಗೆ ಕೈಹಾಕಿದ. ಮೂಲೆ ಹರಿದ ಕಾಗದದ ಪೊಟ್ಟಣ, ಒಳಗೆ ಎಳ್ಳು-ಬೆಲ್ಲ! ಬೇಡವೆಂದರೂ ಕೇಳದೆ ಹೆಂಡತಿ ಶಾಂತಿ ತುರುಕಿಬಿಟ್ಟಿದ್ದಳು. ಬೆಳಗಿನಿಂದ ಗಾಡಿಯ ತುಂಬ ಬಿತ್ತನೆ ಮಾಡಿದವನು ತಾನೇ!

"ಏನಾದ್ರೂ ಸಿಕ್ತಾ ಸಾರ್?" ತಾಳಲಾರದೆ ಹತ್ತಿರ ಬಂದ ಪದ್ಮಾವತಿಯ ಮುಖ ಕಿಟಕಿಯಲ್ಲಿ ಮೂಡಿತು.

ಹನುಮಯ್ಯನ ಕೈ ತಾನಾಗಿ ಪೊಟ್ಟಣವನ್ನು ಸೀಟಿನ ಹಿಂದಕ್ಕೆ ತಳ್ಳಿತು. "ಏನಿಲ್ಲ ಮೇಡಂ! ಪೂರ್ತಿ ಕ್ಲೀನು!"

ಶೆಡ್ಡೆಲ್ಲ ಚಪ್ಪಾಳೆ. ಸಿದ್ರಾಮ ಅವನನ್ನು ಹೊತ್ತುಕೊಂಡೇ ಮೇಜಿಗೆ ತಂದ. ಹನುಮಯ್ಯ ಸಹಿ ಹಾಕಿ, ಠಸ್ಸೆ ಒತ್ತಿ, ಪೊಟ್ಟಣಕ್ಕೆಂದು ಓಡಿ ಬರುವಷ್ಟರಲ್ಲಿ ಚಿಕ್ಕಮುನಿಯಪ್ಪ ಬಾಗಿಲಿಗೆ ಸೀಲು ಅಂಟಿಸಿಯಾಗಿತ್ತು.

"ಒಂದ್ನಿಮಿಷ ತೆಗಿಯಪ್ಪ!"

"ಅಂಗೆಲ್ಲ ಆಗಾಕಿಲ್ಲ ಸಾಮಿ. ಸೀಲ್ ಆದ್ಮೇಲೆ ಯಾರೂ ಮುಟ್ಟಂಗಿಲ್ಲ ಅಂತ ಬೆಳಿಗ್ಗೆ ನೀವೇ ಯೋಳಿದ್ರಲ್ಲ!"

ಟ್ರೇಲರ್ ಹೊರಟೇಹೋಯಿತು.

ರಾಜಗೋಪಾಲನಗರದ ಮನೆ ಸೇರುವವರೆಗೆ ಹನುಮಯ್ಯ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಸಿಕ್ಕರೆ ಸಿಗಲಿ, ಪೊಟ್ಟಣ ಯಾರದೆಂದು ಯಾರಿಗೆ ಗೊತ್ತು? ಅದರ ಮೇಲೆ ಹೆಸರು ಬರೆದಿದೆಯೇ?

ಶಾಂತಿ ನಗುತ್ತ ಕಾಫಿ ತಂದಳು. "ಎಳ್ಳು-ಬೆಲ್ಲ ತಿಂದ್ರಾ? ಬೆಳಿಗ್ಗೆ ಕಟ್ಟೋಕೆ ಒಂದು ಕಾಗದಾನೂ ಸಿಗ್ಲಿಲ್ಲ ಕಣ್ರೀ. ನಿಮ್ಮ ಮೇಜಿನ ಮೇಲೆ ತಪ್ಪಾಗಿ ಬರೆದಿಟ್ಟಿದ್ದ ಸರ್ಟಿಫಿಕೇಟ್ ಇತ್ತಲ್ಲ, ನಿಮ್ಮ ಹೆಸರು, ಸಹಿ, ರೌಂಡ್ ಸೀಲು ಎಲ್ಲ ಇರೋದು? ಅದ್ರಲ್ಲೇ ಕಟ್ಟಿಬಿಟ್ಟೆ."