‘ತಾಯಿ ಬದುಕಿದ್ದಲ್ಲಿ’ ಎಂಬ ಸಾಲು

ಕಳೆದ ಮಳೆಗಾಲದಲ್ಲಿ, ಆಟಿ ತಿಂಗಳ ಒಂದು ಬುಧವಾರ, ಮಧ್ಯಾಹ್ನದ ಊಟಕ್ಕೆ ಮೊದಲು, ನಾನು ನಿಂತಿದ್ದದ್ದು ಪುತ್ತಿಗೆಯ ನಮ್ಮ ನೆರೆಮನೆಯ ಚಾವಡಿಯಲ್ಲಿ, ಮೇಜಿನ ಬಲಗಡೆ, ಸಹಿ ಹಾಕುವ ಕೈ ಸರಿಯಾಗಿ ಕಾಣುವ ಜಾಗದಲ್ಲಿ. ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಉಯಿಲಿಗೆ ಸಾಕ್ಷಿ ಹಾಕಿದವನನ್ನು ಮುಂದೆ ಯಾರಾದರೂ ಕರೆದು ವಿಚಾರಿಸಬಹುದಂತೆ. ಜೀವಮಾನವಿಡೀ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದವನು ನಾನು. ಉತ್ತರ ಹೇಳುವ ಸರದಿ ನನ್ನದಾದೀತು ಎಂದು ಯೋಚಿಸಿಯೇ ಇರಲಿಲ್ಲ.

ಉಯಿಲು ಹವಾಲ್ದಾರ್ ಸತೀಶನದು. ರಜೆಗೆ ಹೊರಡುವಾಗ ಯೂನಿಟ್ಟಿನಲ್ಲಿ ಎಲ್ಲರಿಗೂ, ಮನೆಯ ಕಾಗದಪತ್ರ ಸರಿಮಾಡಿಕೊಂಡು ಬನ್ನಿ ಎಂದಿದ್ದರಂತೆ. ರಜೆ ಮುಗಿದರೆ ಅವನು ಹೋಗಬೇಕಾದದ್ದು ಗಡಿಗೆ. ಅವನ ನಂತರ ಮನೆ ಹೆಂಡತಿ ಪ್ರಮೀಳಾಳಿಗೆ. ತಾಯಿ ಕಮಲಕ್ಕ ಇರುವಷ್ಟು ಕಾಲ ಅವರನ್ನು ಅಲ್ಲಿಂದ ಯಾರೂ ಎಬ್ಬಿಸುವಂತಿಲ್ಲ. ಇಷ್ಟೇ ವಿಷಯ. ಸಾಕ್ಷಿಗೆ ಊರಿನ ಇಬ್ಬರು ಮರ್ಯಾದಸ್ಥರು ಬೇಕೆಂದು ನನ್ನನ್ನೂ ಬಟ್ಟೆ ಅಂಗಡಿಯ ಅಬ್ದುಲ್ಲ ಬ್ಯಾರಿಯವರನ್ನೂ ಕರೆದಿದ್ದ. ನಮ್ಮ ಕಡೆ ಮರ್ಯಾದೆ ಎಂದರೆ ನರೆತ ತಲೆ. ನಾನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋಗಿದ್ದೆ. ನಮ್ಮಿಬ್ಬರನ್ನು ಕಂಡದ್ದೇ ಪ್ರಮೀಳಾ ಗಂಡನನ್ನು ಒಳಗೆ ಕರೆದಳು. ಬಾಗಿಲು ತೆಳ್ಳಗಿನದು. “ಎಂತ ಮಾರಾಯ್ರೆ ನೀವು? ಸಾಕ್ಷಿ ಹೇಳುವವರು ನಿಮ್ಮ ನಂತರ ಇರಬೇಕಲ್ಲ? ಮಾಷ್ಟ್ರಿಗೆ ಶುಗರು, ಬ್ಯಾರಿಗಳಿಗೆ ಹಾರ್ಟು!” ಬ್ಯಾರಿಯವರು ನನ್ನ ಕಡೆ ಬಾಗಿ, “ಮಾಷ್ಟ್ರೇ, ನಾವು ಪಾಸಾಗ್ಲಿಲ್ಲ” ಎಂದರು.

ಕಮಲಕ್ಕನ ತಕರಾರು ಬೇರೆಯೇ. “ಆಟಿಯಲ್ಲಿ ಯಾರಾದ್ರೂ ಹೊಸ ಕೆಲಸಕ್ಕೆ ಕೈ ಹಾಕ್ತಾರಾ?” “ಶುಭಕಾರ್ಯ ಮಾಡಬಾರದು, ಅಷ್ಟೇ. ಇದು ಶುಭಕಾರ್ಯ ಅಲ್ಲವಲ್ಲ ಕಮಲಕ್ಕ” ಎಂದೆ, ಸಮಾಧಾನ ಹೇಳುವ ಉತ್ಸಾಹದಲ್ಲಿ. ಅವರ ಮುಖ ಕಂಡ ಮೇಲೆ ನಾಲಿಗೆ ಕಚ್ಚಿಕೊಂಡೆ.

ಸತೀಶ ಗಟ್ಟಿಯಾಗಿ ಓದತೊಡಗಿದ. ‘ನನ್ನ ಮರಣದ ಕಾಲಕ್ಕೆ ನನ್ನ ತಾಯಿ ಬದುಕಿದ್ದಲ್ಲಿ’ ಎಂಬಲ್ಲಿಗೆ ಬರುವಾಗ ಕಮಲಕ್ಕ ಎದ್ದು ನಿಂತರು. “ಅದನ್ನು ತೆಗಿ.” “ನಿನಗೆ ಇರ್ಲಿಕ್ಕೆ ಜಾಗ ಬರೆದದ್ದಲ್ವಾ ಅಮ್ಮ?” “ನನಗೆ ಜಾಗ ಬೇಡ. ನೀನು ಹೋದ ಮೇಲೆ ನಾನು ಇರ್ತೇನೆ ಅಂತ ನಿನಗೆ ಹೇಳಿದ್ದು ಯಾರು?”

ನಾನು ನೋಡುತ್ತಿದ್ದದ್ದು ಸತೀಶನ ಕೈಯನ್ನು. ಬಂದೂಕು ಹಿಡಿದು ಪಳಗಿದ ಕೈ, ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕುತ್ತಿತ್ತು. ಆ ಸಾಲು ಹೊಡೆದು ಹಾಕಿದರೆ ಕಮಲಕ್ಕನ ಆಸರೆಯ ಮಾತೇ ಉಯಿಲಿನಲ್ಲಿ ಇರುವುದಿಲ್ಲ. ಉಳಿಸಿದರೆ ಮಗನ ಸಾವಿಗೆ ತಾಯಿ ತಲೆಯಾಡಿಸಿದಂತೆ.

ಪ್ರಮೀಳಾ ಬಂದು ಅತ್ತೆಯ ಕೈ ಹಿಡಿದಳು. “ಅತ್ತೆ, ಕೊಡೆ ಹಿಡ್ಕೊಂಡು ಹೋದ ದಿನ ಮಳೆ ಬಂದದ್ದುಂಟಾ? ಬಿಟ್ಟು ಹೋದ ದಿನವೇ ಅಲ್ವಾ ಬರುವುದು? ಇದೂ ಒಂದು ಕೊಡೆ ಅಂತ ಎಣಿಸಿ.” “ಆಟಿಯಲ್ಲಿ ದಿನಾ ಬರ್ತದೆ” ಎಂದರು ಕಮಲಕ್ಕ. “ಹಾಗಾದ್ರೆ ಕೊಡೆ ಬೇಕೇ ಬೇಕಲ್ಲ!”

ಕಮಲಕ್ಕ ಹೊರಗೆ ಸುರಿಯುತ್ತಿದ್ದ ಮಳೆಯನ್ನೊಮ್ಮೆ ನೋಡಿ ಕುಳಿತರು. ಆಮೇಲೆ, “ಇರಲಿ. ಆದರೆ ನಾನು ಒಪ್ಪಲಿಲ್ಲ ಅಂತ ಬರೆ” ಎಂದರು. ಸತೀಶ ಬರೆದ: ‘ನನಗಿಂತ ಹೆಚ್ಚು ಕಾಲ ಬದುಕಲು ನನ್ನ ತಾಯಿ ಒಪ್ಪಿರುವುದಿಲ್ಲ.’ ಕೆಳಗೆ ಸಹಿ ಹಾಕಿದ. ನಾವಿಬ್ಬರೂ ಹಾಕಿದೆವು. ಕಾನೂನು ಆ ಸಾಲಿಗೆ ಏನೆನ್ನುತ್ತದೋ ತಿಳಿಯದು. ಕೇಳಿದರೆ, ಬರೆಯುವಾಗ ನಾನು ಅಲ್ಲಿದ್ದೆ ಎನ್ನಬಲ್ಲೆ.

ಅಂದು ಅದನ್ನು ಕಣ್ಣಾರೆ ಕಂಡ ಉಳಿದವರು ಸತೀಶ, ಪ್ರಮೀಳಾ, ಕಮಲಕ್ಕ ಮತ್ತು ಅಬ್ದುಲ್ಲ ಬ್ಯಾರಿ. ಎಲ್ಲರೂ ಬದುಕಿದ್ದಾರೆ. ಸತೀಶ ಮೊನ್ನೆ ಗಡಿಯಿಂದ ಫೋನು ಮಾಡಿದ್ದನಂತೆ. ಕಮಲಕ್ಕ ಬೇಲಿಯಾಚೆಯಿಂದ ಕೂಗಿ ಹೇಳಿದರು. ಬ್ಯಾರಿಯವರ ಅಂಗಡಿ ಬಾಗಿಲು ತೆರೆದಿದೆಯೇ ಎಂದು ಈಗ ನಾನು ದಿನಾ ಬೆಳಿಗ್ಗೆ ಪೇಟೆಗೆ ಹೋಗಿ ನೋಡಿ ಬರುತ್ತೇನೆ. ಇವತ್ತು ಅವರು ಆಗಲೇ ಹೊರಗೆ ಬಂದು ನಿಂತಿದ್ದರು, ನಾನು ಬರುತ್ತೇನೋ ಇಲ್ಲವೋ ಎಂದು ನೋಡಲು.