ನನಗಿಂತ ಮೊದಲು ಕಳಸಕ್ಕೆ ಹೋದ ಟ್ಯಾಂಕು

ಹೊಸದಾಗಿ ಮದುವೆಯಾದವನು ಹೆಂಡತಿಯನ್ನು ನೋಡಬೇಕೆಂದು ಚಡಪಡಿಸಿದರೆ ಊರಿನವರು ನಗುತ್ತಾರೆ. ಮದುವೆಯಾಗಿ ವರ್ಷಗಳೇ ಕಳೆದ, ಕಿವಿಯ ಮೇಲೆ ನರೆ ಇಣುಕುತ್ತಿರುವ ಮನುಷ್ಯ ಹಾಗೆ ಚಡಪಡಿಸಿದರೆ ನಗುವುದಿಲ್ಲ, ಅನುಮಾನ ಪಡುತ್ತಾರೆ. ಇವನಿಗೆ ಅನ್ನ ಮಾಡಿಕೊಳ್ಳಲು ಬರುವುದಿಲ್ಲವೇನೋ ಎನ್ನುತ್ತಾರೆ. ಆದ್ದರಿಂದ ಆ ಕಾಲದಲ್ಲಿ ನಾನು ನನ್ನ ಚಡಪಡಿಕೆಯನ್ನೆಲ್ಲ ಬೈಕಿನ ಮೇಲೆ ಹೊರಿಸಿಬಿಟ್ಟೆ. ಯಾರಾದರೂ "ಯಾಕ್ರೀ ಸಪ್ಪಗಿದ್ದೀರಿ?" ಎಂದು ಕೇಳಿದರೆ "ಟ್ಯಾಂಕು ಸೋರ್ತಿದೆ ಮಾರಾಯ್ರೆ" ಎನ್ನುತ್ತಿದ್ದೆ. ಟ್ಯಾಂಕು ಸೋರುವ ಗಂಡಸಿಗೆ ಸಮಾಜದಲ್ಲಿ ಮರ್ಯಾದೆಯಿದೆ. ಜನ ನಿಂತು ಮಾತನಾಡುತ್ತಾರೆ, ತಮ್ಮ ತಮ್ಮ ಔಷಧಿ ಹೇಳುತ್ತಾರೆ.

ನಾನು ಆಗ ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ ಹಾಕುವುದು, ಕುಯ್ದ ಹಣ್ಣು ಅಳೆಸುವುದು, ಸಾಹುಕಾರರು ಬಂದಾಗ ಎದ್ದು ನಿಲ್ಲುವುದು ನನ್ನ ಕೆಲಸ. ನನ್ನ ಹೆಂಡತಿ ಸುಮಿತ್ರ ಶಾಲೆಯ ಟೀಚರು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಜೂನ್ ತಿಂಗಳು ಸರ್ಕಾರಕ್ಕೆ ಏನನ್ನಿಸಿತೋ, ಅವಳನ್ನು ಕಳಸದ ಕಡೆಯ ಶಾಲೆಗೆ ವರ್ಗ ಮಾಡಿತು. ಕಳಸವೇನೂ ಕಾಶಿಯಷ್ಟು ದೂರವಲ್ಲ. ಆದರೆ ತೋಟದವರ ರಜೆಯ ಪದ್ಧತಿ ಗೊತ್ತಿದ್ದವರಿಗೆ ನನ್ನ ಕಷ್ಟ ಅರ್ಥವಾದೀತು. ತೋಟಗಳಿಗೆ ರಜೆ ಭಾನುವಾರವಲ್ಲ, ಸಂತೆಯ ದಿನ. ನಮ್ಮ ಆಳುಗಳು ಹೋಗುವ ಸಂತೆ ಶುಕ್ರವಾರ. ಹಾಗಾಗಿ ನನಗೆ ರಜೆಯಿದ್ದ ದಿನ ಅವಳು ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದಳು. ಅವಳಿಗೆ ರಜೆಯಿದ್ದ ದಿನ ನಾನು ಗಿಡದ ಸಾಲಿನಲ್ಲಿ ಮೇಸ್ತ್ರಿಯ ಹಿಂದೆ ಅಲೆಯುತ್ತಿದ್ದೆ. ಕೆಲವು ಶನಿವಾರ ಅವಳು ಬರುತ್ತಿದ್ದಳು. ಬಂದವಳು ದಣಿದು ಮಲಗುತ್ತಿದ್ದಳು, ಭಾನುವಾರ ನಾನು ತೋಟದಲ್ಲಿರುವಾಗ ನನ್ನ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಬೈದುಕೊಂಡು ತಿಕ್ಕಿಟ್ಟು, ನಾನು ಮರಳುವಷ್ಟರಲ್ಲಿ ಕಳಸದ ಬಸ್ಸು ಹತ್ತುತ್ತಿದ್ದಳು. ಮನೆಯಲ್ಲಿ ಹೊಳೆಯುವ ಪಾತ್ರೆಗಳು ಉಳಿಯುತ್ತಿದ್ದವು. ಅವುಗಳನ್ನು ನೋಡಿದರೆ ಊಟ ಸೇರುತ್ತಿರಲಿಲ್ಲ.

ಉಳಿದ ದಾರಿ ಒಂದೇ. ಗುರುವಾರ ಸಂಜೆ ಹಾಜರಿ ಪುಸ್ತಕ ಮುಚ್ಚಿ ಹೊರಟು, ರಾತ್ರಿ ಊಟದ ಹೊತ್ತಿಗೆ ಕಳಸದಲ್ಲಿ ಅವಳು ಬಾಡಿಗೆಗೆ ಹಿಡಿದಿದ್ದ ಮನೆ ಸೇರುವುದು. ಆದರೆ ಕಡೆಯ ಬಸ್ಸು ನಮ್ಮ ತೋಟದ ಗಂಟೆ ಹೊಡೆಯುವ ಮುಂಚೆಯೇ ಹೊರಟುಬಿಡುತ್ತಿತ್ತು. ಶುಕ್ರವಾರ ಬೆಳಗಿನ ಬಸ್ಸಿಗೆ ಹೋದರೆ ಅವಳು ಶಾಲೆಯಿಂದ ಬರುವ ಮುಂಚೆಯೇ ನಾನು ಮರಳಬೇಕಾದ ಬಸ್ಸು ಹೊರಟಿರುತ್ತಿತ್ತು. ಹಾಗಾಗಿ ನನಗೂ ಸಂಸಾರಕ್ಕೂ ನಡುವೆ ಇದ್ದ ಏಕೈಕ ಸೇತುವೆ ನನ್ನ ಮೋಟಾರ್ ಬೈಕು. ಅದರ ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿದರೆ ಅದರ ಭಕ್ತರು ಮನೆಗೆ ಬಂದು ಎಂಜಿನ್ ನಂಬರು ಕೇಳುತ್ತಾರೆ. ನಮ್ಮ ಸಾಹುಕಾರರ ತಂದೆಯವರು ಓಡಿಸಿದ ಗಾಡಿ. ಅವರು ತೀರಿಕೊಂಡ ಮೇಲೆ ಗೋಡೌನಿನಲ್ಲಿ ಗೋಣಿಚೀಲಗಳ ಕೆಳಗೆ ಹಲವು ಮಳೆಗಾಲ ಕಳೆದು, ಒಳಗೆಲ್ಲ ತುಕ್ಕು ತಿಂದು, ಕಡೆಗೆ ನನ್ನ ಪಾಲಿಗೆ ಬಂದಿತ್ತು. ಎಂಜಿನ್ ಮಾತ್ರ ಹುಲಿ. ಟ್ಯಾಂಕಿನ ತಳದಲ್ಲಿ, ಸರಿಯಾಗಿ ನನ್ನ ಬಲಮೊಣಕಾಲಿನ ಪಕ್ಕದಲ್ಲಿ, ಪೆಟ್ರೋಲು ಜಿನುಗುತ್ತಿತ್ತು.

ಅಲ್ಲಿಗೆ ನಾನು ನನ್ನ ಹಳೆಯ ಸ್ವೆಟರನ್ನು ತುರುಕಿ ಹೊರಡುತ್ತಿದ್ದೆ. ಚಳಿ ಹೆಚ್ಚಾದರೆ ಅದನ್ನೇ ತೆಗೆದು ತೊಟ್ಟುಕೊಳ್ಳುತ್ತಿದ್ದೆ. ನಮ್ಮ ಕಡೆ ಇಳಿಜಾರು ಬಂದರೆ ಎಂಜಿನ್ ಆಫ್ ಮಾಡಿ ಗಾಡಿಯನ್ನು ಅದರ ಪಾಡಿಗೆ ಬಿಡುವುದು ವಾಡಿಕೆ. ಅವಳ ಮನೆಯಿದ್ದದ್ದೂ ಒಂದು ಇಳಿಜಾರಿನ ತುದಿಯಲ್ಲಿ. ಆದ್ದರಿಂದ ನನ್ನ ಆಗಮನದ ಸುದ್ದಿಯನ್ನು ಸದ್ದು ತಲುಪಿಸುತ್ತಿರಲಿಲ್ಲ, ವಾಸನೆ ತಲುಪಿಸುತ್ತಿತ್ತು. ನಾನಿನ್ನೂ ಅಂಗಳದಲ್ಲಿರುವಾಗಲೇ ಒಳಗಿನಿಂದ ಸುಮಿತ್ರಳ ದನಿ: "ಅಲ್ಲೇ ನಿಂತ್ಕೊಳ್ಳಿ! ಆ ಸ್ವೆಟರ್ ಒಲೆ ಹತ್ರ ತರಬೇಡಿ. ನಾನೂ ನೀವೂ ಒಟ್ಟಿಗೆ ಹೊತ್ಕೊಂಡು ಉರಿಯೋದು ಬೇಡ." ಪ್ರೇಮದ ಮಾತು ಎಂದು ಇದನ್ನು ಯಾರೂ ಒಪ್ಪಲಾರರು. ನನಗಂತೂ ವಾರವಿಡೀ ಅದು ಕಿವಿಯಲ್ಲಿರುತ್ತಿತ್ತು.

ಮಳೆಗಾಲ ಕಳೆಯುವ ಹೊತ್ತಿಗೆ ಜಿನುಗುತ್ತಿದ್ದದ್ದು ತೊಟ್ಟಿಕ್ಕತೊಡಗಿತು. ಮೂಡಿಗೆರೆಯಲ್ಲಿ ತುಂಬಿಸಿದ್ದು ಕೊಟ್ಟಿಗೆಹಾರಕ್ಕೆ ಅರ್ಧ, ಅದರಾಚೆ ದೇವರೇ ಗತಿ. ಒಂದು ಗುರುವಾರ ಕಾಡಿನ ನಡುವೆ ಗಾಡಿ ನಿಂತು, ಲಾರಿಯವನೊಬ್ಬ ಕನಿಕರದಿಂದ ನನ್ನನ್ನು ಕಳಸದ ಕಡೆಗಲ್ಲ, ಮೂಡಿಗೆರೆಯ ಕಡೆಗೆ ಹೊತ್ತುಕೊಂಡು ಬಂದ. ಆಮೇಲೆ ಔಷಧಿಗಳು ಶುರುವಾದವು. ಮೇಸ್ತ್ರಿ ಮೈಸೋಪು ಒತ್ತಲು ಹೇಳಿದ. ಒತ್ತಿದೆ, ಒಂದು ಮಳೆ ಬಂದು ಗಾಡಿಗೆಲ್ಲ ನೊರೆ ಬಂತು. ಆಗ ನನ್ನ ಸ್ವಂತ ಬುದ್ಧಿ ಕೆಲಸ ಮಾಡಿತು. ನನ್ನ ಅಜ್ಜಿ ಒಡೆದ ತಾಮ್ರದ ಹಂಡೆಗೆ ಹಲಸಿನ ಮೇಣ ಮೆತ್ತಿ ತಲೆಮಾರುಗಟ್ಟಲೆ ನೀರು ಕಾಯಿಸಿದ್ದು ನೆನಪಾಯಿತು. ಅಜ್ಜಿಯ ಹಂಡೆಗೆ ಹಿಡಿದದ್ದು ನನ್ನ ಟ್ಯಾಂಕಿಗೆ ಹಿಡಿಯದೇ? ಆಳುಗಳ ಲೈನಿನ ಮನೆಯೊಂದರಲ್ಲಿ ಕೋಲಿಗೆ ಸುತ್ತಿಟ್ಟಿದ್ದ ಮೇಣ ಬೇಡಿ ತಂದು, ಕಾಯಿಸಿ, ದಪ್ಪನಾಗಿ ಮೆತ್ತಿದೆ. ಒಂದು ತೊಟ್ಟೂ ಬೀಳಲಿಲ್ಲ. ನಮ್ಮ ಹಿರಿಯರ ಜ್ಞಾನದ ಬಗ್ಗೆ ನನ್ನೊಳಗೇ ಒಂದು ಸಣ್ಣ ಭಾಷಣ ಮಾಡಿಕೊಂಡು ಕಳಸಕ್ಕೆ ಹೊರಟೆ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋಣವೆಂದು ನಿಲ್ಲಿಸಿ ಇಳಿಯಲು ನೋಡಿದೆ. ನಾನು ಇಳಿದರೂ ಪ್ಯಾಂಟು ಇಳಿಯಲಿಲ್ಲ. ಮೇಣ ಕರಗಿ ಮೊಣಕಾಲಿನಿಂದ ತೊಡೆಯವರೆಗೆ ಹರಿದು, ನನ್ನನ್ನೂ ಗಾಡಿಯನ್ನೂ ಒಂದು ಮಾಡಿಬಿಟ್ಟಿತ್ತು. ಹೋಟೆಲಿನವರು ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಅಲ್ಲ ಮಾರಾಯ್ರೆ, ಹಲಸಿನ ಹಣ್ಣು ಬಿಡಿಸಿದ ಮೇಲೆ ಕೈಗೆ ಅಂಟಿದ ಮೇಣ ಎಂಥದ್ರಲ್ಲಿ ಉಜ್ತೀರಿ?" ಎಂದರು. "ಸೀಮೆಎಣ್ಣೇಲಿ" ಎಂದೆ. "ಸೀಮೆಎಣ್ಣೆಗೇ ಕರಗೋ ಮೇಣ ಪೆಟ್ರೋಲಿಗೆ ನಿಲ್ತದಾ?" ಎಂದು ಕೇಳಿ ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಒಂದು ಪಂಚೆ ತಂದರು. ಹಲಸು ತಿಂದು ಬೆಳೆದ ಊರಿನಲ್ಲಿ ಚಿಕ್ಕ ಮಗುವಿಗೂ ಗೊತ್ತಿರುವ ಸಂಗತಿ. ಹಂಬಲ ಹೆಚ್ಚಾದವನಿಗೆ ಮೊದಲು ಮರೆಯುವುದು ಗೊತ್ತಿರುವ ಸಂಗತಿಗಳೇ. ಆ ಗುರುವಾರವೂ ಕಳಸ ಕಾಣಲಿಲ್ಲ.

ಕಡೆಗೆ ಮೂಡಿಗೆರೆಯ ಹಮೀದಣ್ಣನ ಶೆಡ್ಡಿಗೆ ಹೋದೆ. ಹಮೀದಣ್ಣ ಒಳ್ಳೆಯ ಮೆಕ್ಯಾನಿಕ್ಕು. ಆದರೆ ಅವರು ಒಂದು ಬೋಲ್ಟು ಬಿಚ್ಚಬೇಕಾದರೆ ತಾವು ಹಿಂದೆ ಬಿಚ್ಚಿದ ಬೋಲ್ಟುಗಳ ಚರಿತ್ರೆಯನ್ನೆಲ್ಲ ಹೇಳಬೇಕು. ಪೆಟ್ರೋಲಿನ ಹಬೆಯಿರುವ ಟ್ಯಾಂಕಿಗೆ ಬೆಂಕಿ ತೋರಿಸಿದ ಯಾರೋ ಪುಣ್ಯಾತ್ಮನ ಟ್ಯಾಂಕು ಹೆಂಚು ಒಡೆದುಕೊಂಡು ಪಕ್ಕದ ಮನೆಯ ಕೊಟ್ಟಿಗೆಗೆ ಹೋಗಿ ಬಿದ್ದ ಕಥೆಯನ್ನು ನನಗೆ ಮೂರು ಬೇರೆ ಬೇರೆ ಊರಿನ ಹೆಸರಿನಲ್ಲಿ ಹೇಳಿದರು. "ಅವಸರ ಮಾಡ್ಬೇಡಿ ರೈಟ್ರೇ. ಮೊದ್ಲು ಒಳಗಿನ ತುಕ್ಕು ಉದುರ್ಬೇಕು. ಆಮೇಲೆ ಸೋಪಿನ ನೀರಲ್ಲಿ ತೊಳೆದು ಒಣಗಿಸ್ಬೇಕು, ಆಮೇಲೆ ಬೆಸುಗೆ, ಆಮೇಲೆ ಒಳಗಡೆಗೆ ತೂತು ಮುಚ್ಚೋ ಸೀಲಿಂಗ್. ಸಂಸಾರ ಇದ್ದ ಹಾಗೆ, ಒಂದಾದ ಮೇಲೆ ಒಂದು." ಸಂಸಾರದ ಮಾತು ಅವರು ಎತ್ತಬಾರದಿತ್ತು.

ತುಕ್ಕು ಉದುರಿಸಲು ಟ್ಯಾಂಕಿನೊಳಗೆ ಜಲ್ಲಿಕಲ್ಲು, ಹಳೆಯ ನಟ್ಟುಗಳನ್ನು ಹಾಕಿ ಗಂಟೆಗಟ್ಟಲೆ ಕುಲುಕಬೇಕು. ಹಮೀದಣ್ಣ ಕುಲುಕುವವರಲ್ಲ. ಅವರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಟ್ಯಾಂಕಿನ ಬಾಯಿಗೆ ಬಿರಡೆ ಹಾಕಿ, ಗೋಣಿಯಲ್ಲಿ ಸುತ್ತಿ, ಕಳಸದ ಬಸ್ಸಿನ ಟಾಪಿನ ಮೇಲೆ ಕಟ್ಟಿಬಿಡುವುದು. ಆ ರಸ್ತೆಯ ಹೊಂಡಗಳು ಮಾಡುವ ಕೆಲಸವನ್ನು ಯಾವ ಯಂತ್ರವೂ ಮಾಡಲಾರದು ಎಂಬುದು ಅವರ ವಾದ. ಕಂಡಕ್ಟರ್ ರಾಜಣ್ಣ ಅವರ ಸ್ನೇಹಿತ. ಹೀಗೆ ನನ್ನ ಟ್ಯಾಂಕು ದಿನಾ ಕಳಸಕ್ಕೆ ಹೋಗಿ ಬರತೊಡಗಿತು. ನಾನು ಕಣದಲ್ಲಿ ನಿಂತು ಕಾಫಿಹಣ್ಣು ಅಳೆಸುವಾಗ ಆ ಬಸ್ಸಿನ ಹಾರನ್ನು ಕೇಳಿಸುತ್ತಿತ್ತು. ಅವಳ ಶಾಲೆಯ ಮುಂದೆಯೇ ಹಾದುಹೋಗುವ ಬಸ್ಸು. ತುಕ್ಕು ಹಿಡಿದ ತಗಡಿನ ಮೇಲೆ ಹೊಟ್ಟೆಕಿಚ್ಚುಪಟ್ಟ ಮನುಷ್ಯ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಒಂದು ಸಂಜೆ ರಾಜಣ್ಣ ಬಾಳೆಲೆಯ ಪೊಟ್ಟಣವೊಂದನ್ನು ಹಮೀದಣ್ಣನ ಶೆಡ್ಡಿನಲ್ಲಿ ಕೊಟ್ಟು ಹೋಗಿದ್ದರು. ಒಳಗೆ ಕೊಟ್ಟೆ ಕಡುಬು. ಗೋಣಿ ಸರಿದು ಕಂಡ ಮೆರುಗು ಹೋದ ಕೆಂಪು ಬಣ್ಣವನ್ನು ಸುಮಿತ್ರ ಗುರುತು ಹಿಡಿದು ಬಸ್ಸು ನಿಲ್ಲಿಸಿದ್ದಳಂತೆ. "'ಟ್ಯಾಂಕು ಬಂದಿದೆ, ಯಜಮಾನ್ರೆಲ್ಲಿ?' ಅಂತ ಕೇಳಿದ್ರಂತೆ ಟೀಚರಮ್ಮ" ಎಂದರು ಹಮೀದಣ್ಣ, ಗಡ್ಡದಲ್ಲೇ ನಗುತ್ತಾ. ನಾನು ನಗಲಿಲ್ಲ. ಕಡುಬು ತಣ್ಣಗಾಗಿತ್ತು. ಅದನ್ನು ಬಿಸಿ ಮಾಡಬಹುದೆಂಬುದೂ ಹೊಳೆಯದೆ ಹಾಗೇ ತಿಂದೆ. ಅವಳನ್ನು ಈ ಕ್ಷಣವೇ ನೋಡಬೇಕು ಎನ್ನಿಸಿತು. ಕುಯ್ಲಿನ ಕಾಲದಲ್ಲಿ ರೈಟರಿಗೆ ಯಾರು ರಜೆ ಕೊಡುತ್ತಾರೆ?

ತೊಳೆದ ಟ್ಯಾಂಕನ್ನು ಒಣಗಿಸಲು ನಾನು ಕಾಫಿ ಕಣಕ್ಕೇ ತಂದಿಟ್ಟೆ. ಅಷ್ಟು ಒಳ್ಳೆಯ ಬಿಸಿಲು ಬೇರೆಲ್ಲಿದೆ? ಸಾಹುಕಾರರು ಬಂದವರು ಮೂಗು ಅರಳಿಸಿದರು. "ಏನ್ರೀ ರೈಟ್ರೇ, ನಮ್ಮ ಪಾರ್ಚ್‌ಮೆಂಟ್ ಕಾಫಿಬೀಜದ ಪಕ್ಕ ಪೆಟ್ರೋಲ್ ಟ್ಯಾಂಕ್ ಒಣಗಿಸ್ತಿದ್ದೀರಿ? ಕುಡಿದವ್ರು ನಮ್ಮ ಕಾಫಿಗೆ ಏನಂತ ಹೆಸರಿಡ್ಬೇಕು?" ಅಷ್ಟರಲ್ಲಿ ಅದು ತಮ್ಮ ತಂದೆಯ ಗಾಡಿಯ ಟ್ಯಾಂಕೆಂದು ಅವರಿಗೆ ಗುರುತು ಸಿಕ್ಕಿತು. ಬಗ್ಗಿ ಅದನ್ನೊಮ್ಮೆ ತಟ್ಟಿ ನೋಡಿ, "ಸರಿ, ಆ ಮೂಲೇಲಿ ಇಡಿ" ಎಂದು ಹೊರಟುಹೋದರು.

ಬೆಸುಗೆಯಾಯಿತು. ಹಮೀದಣ್ಣ ಮಂಗಳೂರಿನಿಂದ ತರಿಸಿದ್ದ ಸೀಲಿಂಗ್ ದ್ರವವನ್ನು ಟ್ಯಾಂಕಿನೊಳಗೆ ಸುರಿದು, ಅದು ಮೂಲೆಮೂಲೆಗೂ ಹರಿಯುವಂತೆ ನಾವಿಬ್ಬರೂ ಎದುರುಬದುರು ಕುಳಿತು, ಹಸುಗೂಸನ್ನು ಮಗ್ಗುಲು ಬದಲಿಸುವ ಹಾಗೆ ನಿಧಾನವಾಗಿ ಹೊರಳಿಸಿದೆವು. ಒಣಗಲು ಕೆಲವು ದಿನ ಬಿಟ್ಟು, ಪೆಟ್ರೋಲು ತುಂಬಿ, ತಳಕ್ಕೆ ಬಿಳಿ ಕಾಗದ ಹಾಸಿ ಕಾದೆವು. ಕಾಗದ ಬಿಳಿಯಾಗಿಯೇ ಉಳಿಯಿತು. "ಇನ್ನು ಹಮೀದ ಸೋರಿದ್ರೂ ಇದು ಸೋರಲ್ಲ" ಎಂದು ಅವರು ಎದೆ ತಟ್ಟಿಕೊಂಡರು. ಶೆಡ್ಡಿಗೆ ಬಂದವರಿಗೆಲ್ಲ ಅದನ್ನೇ ಹೇಳಿದರು.

ಆ ಗುರುವಾರ ನಾನು ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಹೊರಟೆ. ಗಾಡಿ ಎಲ್ಲೂ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಅಂಗಳಕ್ಕೆ ಜಾರಿ, ಕೂಗು ಬರಲೆಂದು ಕಾದೆ. ಬರಲಿಲ್ಲ. ಒಳಗೆ ಹೋದೆ. ಸುಮಿತ್ರ ಬೆನ್ನು ಹಾಕಿ ಒಲೆ ಊದುತ್ತಿದ್ದಳು. ಕೆಮ್ಮಿದೆ. ಅವಳು ಕಿಟಾರನೆ ಕಿರುಚಿ ಊದುಗೊಳವೆ ಎತ್ತಿ ತಿರುಗಿದಳು. ನನ್ನ ಹಣೆ ಉಳಿದದ್ದು ಅವಳ ತಾಳ್ಮೆಯಿಂದ.

"ಅಯ್ಯೋ ದೇವ್ರೇ, ನೀವಾ! ಬಂದಿದ್ದೇ ಗೊತ್ತಾಗ್ಲಿಲ್ಲ."

"ಟ್ಯಾಂಕು ಸರಿಯಾಯ್ತು. ಈಗ ಒಂದು ತೊಟ್ಟೂ ಸೋರಲ್ಲ" ಎಂದೆ ಹೆಮ್ಮೆಯಿಂದ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ವಾಸನೆ ಇಲ್ದಿದ್ರೆ ಯಾರೋ ಇನ್‌ಸ್ಪೆಕ್ಟ್ರು ಶಾಲೆ ತನಿಖೆಗೆ ಬಂದ ಹಾಗಿದೆ" ಎಂದಳು. ಊಟವಾದ ಮೇಲೆ ನಾನು ಚಳಿಯೆಂದು ಕೈ ಉಜ್ಜಿಕೊಂಡಾಗ, ಗೋಡೆಯ ಮೊಳೆಯಿಂದ ಆ ಹಳೆಯ ಸ್ವೆಟರನ್ನು ತೆಗೆದುಕೊಟ್ಟಳು. ಮಳೆಗಾಲದಲ್ಲಿ ಅಲ್ಲಿ ಬಿಟ್ಟುಹೋಗಿದ್ದು. ಮೂಸಿದೆ. ಇನ್ನೂ ಸಣ್ಣಗೆ ಪೆಟ್ರೋಲು. "ಇದನ್ನ ಒಗೆದೇ ಇಲ್ವಲ್ಲೇ?" ಎಂದೆ. ಅವಳು ತಟ್ಟೆ ಎತ್ತುವ ನೆಪದಲ್ಲಿ ಮುಖ ತಿರುಗಿಸಿದಳು. "ಒಗೆದ್ರೆ ವಾಸನೆ ಹೋಗಿಬಿಡುತ್ತಲ್ಲ. ನೀವು ಬರದೇ ಇದ್ದ ಗುರುವಾರ ಅದನ್ನ ಹತ್ರ ಇಟ್ಕೊಂಡ್ರೆ ಸ್ವಲ್ಪ ವಾಸಿ ಅನ್ನಿಸ್ತಿತ್ತು." ನಾನು ಆ ಸ್ವೆಟರನ್ನೇ ತೊಟ್ಟುಕೊಂಡೆ. ಇಷ್ಟು ವರ್ಷ ಸಂಸಾರ ಮಾಡಿ, ನಾನೊಬ್ಬನೇ ಚಡಪಡಿಸುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ!

ಮುಂದಿನ ಗುರುವಾರ ಹೊರಡುವಾಗ ಟ್ಯಾಂಕಿನ ಮುಚ್ಚಳ ತೆಗೆದು, ಕರವಸ್ತ್ರದ ತುದಿ ಅದ್ದಿ, ಅತ್ತರು ಹಚ್ಚಿಕೊಳ್ಳುವಂತೆ ಕಾಲರಿಗೆ ಎರಡೂ ಕಡೆ ಸವರಿಕೊಂಡೆ. ಅಷ್ಟಕ್ಕೇ ಹೋಗಿದ್ದರೆ ಆಗಿತ್ತು. ಚಕ್ರಕ್ಕೆ ಗಾಳಿ ಹಾಕಿಸಲು ಹಮೀದಣ್ಣನ ಶೆಡ್ಡಿನ ಮುಂದೆ ನಿಲ್ಲಿಸಿದೆ. ಅವರು ಹತ್ತಿರ ಬಂದವರು ಮೂಗೆಳೆದರು. ಮುಖ ಬಾಡಿತು.

"ರೈಟ್ರೇ, ವಾಸನೆ ಬರ್ತಿದೆ. ಸೋರ್ತಿದೆಯಾ?"

ಶೆಡ್ಡಿನಲ್ಲಿ ನಾಲ್ಕು ಜನ ಕೂತಿದ್ದರು. ಹೆಂಡತಿಗೋಸ್ಕರ ಕಾಲರಿಗೆ ಪೆಟ್ರೋಲು ಹಚ್ಚಿಕೊಂಡಿದ್ದೇನೆ ಎಂದು ಯಾವ ಬಾಯಿಂದ ಹೇಳಲಿ? ಒಂದು ಕಡೆ ಹಮೀದಣ್ಣನ ಮಾನ, ಇನ್ನೊಂದು ಕಡೆ ನನ್ನದು. ನಾನು ನನ್ನದನ್ನೇ ಉಳಿಸಿಕೊಂಡೆ. "ಎಲ್ಲೋ ಒಂಚೂರು, ಹಮೀದಣ್ಣ" ಎಂದೆ.

"ಇಲ್ಲ ರೈಟ್ರೇ, ಬೇಡ. ನಾನು ಮಾತು ಕೊಟ್ಟವ್ನು" ಎಂದವರೇ ನಾನು ಬೇಡ ಬೇಡವೆನ್ನುತ್ತಿದ್ದರೂ ನಿಂತ ನಿಲುವಿನಲ್ಲೇ ಟ್ಯಾಂಕು ಬಿಚ್ಚಿದರು. ಹಾಕಿದ ಸೀಲಿಂಗನ್ನೆಲ್ಲ ಉದುರಿಸಿ ಮೊದಲಿನಿಂದ ಮಾಡಿಕೊಡುತ್ತಾರಂತೆ, ಬಿಟ್ಟಿಯಾಗಿ. ಕಡೆಯ ಬಸ್ಸು ಹೋಗಿಯಾಗಿತ್ತು. ಶುಕ್ರವಾರ ಬೆಳಗಿನ ಬಸ್ಸು ಹತ್ತಿದೆ. ಮರಳುವ ಬಸ್ಸು ತಪ್ಪಿದರೆ ತಪ್ಪಲಿ, ಅವಳು ಶಾಲೆಯಿಂದ ಬರುವತನಕ ಜಗಲಿಯಲ್ಲಿ ಕೂತಿರುವುದು ಎಂದುಕೊಂಡು, ಹಿಂದಿನ ದಿನದ ಕರವಸ್ತ್ರವನ್ನು ಮತ್ತೊಮ್ಮೆ ಕಾಲರಿಗೆ ಉಜ್ಜಿಕೊಂಡಿದ್ದೆ.

ಕೊಟ್ಟಿಗೆಹಾರ ದಾಟಿದ ಮೇಲೆ ರಾಜಣ್ಣ ಟಿಕೆಟು ಕೊಡುತ್ತಾ ನನ್ನ ಸೀಟಿನ ಹತ್ತಿರ ನಿಂತು ಮೂಗು ಮೇಲೆತ್ತಿದರು. "ಯಾರ್ರೀ ಅದು ಬಸ್ಸಲ್ಲಿ ಪೆಟ್ರೋಲು ತಂದಿರೋದು? ಬೆಂಕಿ ಬಿದ್ರೆ ಯಾರು ಜವಾಬ್ದಾರಿ?" ಎಂದು ಗುಡುಗಿದರು. ಎಲ್ಲರೂ ತಮ್ಮ ತಮ್ಮ ಸೀಟಿನ ಕೆಳಗೆ ಬಗ್ಗಿ ನೋಡಿದರು. ನಾನೂ ಬಗ್ಗಿ ನೋಡಿದೆ. ನೆತ್ತಿಯ ಮೇಲೆ, ಬಸ್ಸಿನ ಟಾಪಿನಲ್ಲಿ, ಗೋಣಿಯಲ್ಲಿ ಸುತ್ತಿದ ನನ್ನ ಟ್ಯಾಂಕು ಹೊಂಡಕ್ಕೊಮ್ಮೆ ಜಲ್ಲಿಕಲ್ಲು ಕುಲುಕಿಸುತ್ತಾ ಬರುತ್ತಿತ್ತು. ಈ ಸಲ ಕಳಸಕ್ಕೆ ನಾವಿಬ್ಬರೂ ಒಟ್ಟಿಗೇ ಹೊರಟಿದ್ದೆವು.