ಪಕ್ಕದ ಸೀಟಿನ ಕೋಲು

ಹಿಡಿಕೆ ಎಂಬುದು ಪಾತ್ರೆಗೇ ಅಂಟಿಕೊಂಡಿರಬೇಕೋ, ಬೇಕಾದಾಗ ತೊಡಿಸಿ ಬೇಡವಾದಾಗ ತೆಗೆದಿಡುವಂತಿರಬೇಕೋ ಎಂಬ ಪ್ರಶ್ನೆಗೆ ನಮ್ಮ ಅಡುಗೆಮನೆಗಳು ಎಂದೋ ಉತ್ತರ ಕೊಟ್ಟಿವೆ. ನಮ್ಮ ಪಾತ್ರೆಗಳಿಗೆ ಹಿಡಿಕೆಯಿಲ್ಲ. ಎಲ್ಲಕ್ಕೂ ಸೇರಿ ಒಂದು ಇಕ್ಕಳ. ಆ ಇಕ್ಕಳ ಹಾಲು ಉಕ್ಕುವಾಗ ಮಾತ್ರ ಕೈಗೆ ಸಿಗುವುದಿಲ್ಲ. ಉಕ್ಕಿ ಒಲೆಯೆಲ್ಲ ಹಾಳಾದ ಮೇಲೆ ಕಣ್ಣೆದುರಿಗೇ ಇರುತ್ತದೆ. ಇಷ್ಟು ಅನುಭವವಿರುವ ನನ್ನನ್ನು ಒಂದು ಮಾತೂ ಕೇಳದೆ ನಮ್ಮವರು ವಿಮಾನದ ಹಿಡಿಕೆಯ ವಿಷಯ ತೀರ್ಮಾನ ಮಾಡಿದ್ದು ನನಗೆ ಸರಿ ಕಾಣಲಿಲ್ಲ.

ವಿಮಾನ ಎಂದರೆ ನೀವು ಹೆದರಬೇಡಿ, ಇಬ್ಬರು ಕೂರುವ ಪುಟ್ಟದು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಬಸವೇಶ್ವರನಗರದ ಬೇರೆ ಗಂಡಸರು ಪಾರ್ಕಿನಲ್ಲಿ ಸುತ್ತು ಹಾಕುತ್ತಾರೆ. ಇವರು ನಮ್ಮ ಮಹಡಿಯ ಬಾಡಿಗೆದಾರ, ಹುಬ್ಬಳ್ಳಿ ಕಡೆಯ ಚನ್ನಬಸಪ್ಪನವರನ್ನು ಜೊತೆ ಮಾಡಿಕೊಂಡು ಕೆಂಗೇರಿಯಾಚೆ ಒಂದು ಶೆಡ್ಡು ಹಿಡಿದು, ಬಿಡಿಭಾಗ ತರಿಸಿ ಜೋಡಿಸಿದರು. ಕುಡಿತವಿಲ್ಲ, ಇಸ್ಪೀಟಿಲ್ಲ, ಇದೊಂದೇ ತಾನೆ ಎಂದು ನಾನೂ ಶಿವನಿಗೆ ಕೈ ಮುಗಿದು ಸುಮ್ಮನಿದ್ದೆ. ಪರೀಕ್ಷೆ, ಅನುಮತಿ ಎಲ್ಲ ಮುಗಿದು ಇವರೊಬ್ಬರೇ ಹಲವು ಸಲ ಹಾರಿ ಬಂದರು. ಇನ್ನು ನನ್ನ ಸರದಿ.

ಆ ವಿಮಾನಕ್ಕೆ ಸ್ಟೀರಿಂಗ್ ಚಕ್ರವಿಲ್ಲ. ಕೂತವರ ಮಂಡಿಗಳ ನಡುವೆ ಒಂದೊಂದು ಕೋಲು ಎದ್ದು ನಿಂತಿರುತ್ತದೆ. ಎರಡೂ ಒಳಗೊಳಗೇ ಸೇರಿಕೊಂಡಿವೆ. ಒಂದನ್ನು ಅಲ್ಲಾಡಿಸಿದರೆ ಇನ್ನೊಂದೂ ಅಲ್ಲಾಡುತ್ತದೆ. ಮುಂದಕ್ಕೆ ನೂಕಿದರೆ ಬಾಲದ ಪಟ್ಟಿ ಬಾಗಿ ವಿಮಾನದ ಮೂತಿ ನೆಲದ ಕಡೆ ತಿರುಗುತ್ತದೆ, ಪಕ್ಕಕ್ಕೆ ಎಳೆದರೆ ಆ ಪಕ್ಕಕ್ಕೆ ವಾಲುತ್ತದೆ. ಪ್ಯಾಂಟು ಹಾಕುವವರು ಪ್ಯಾಂಟು ಹಾಕುವವರಿಗಾಗಿ ಮಾಡಿದ ಏರ್ಪಾಡು. ಶೆಡ್ಡಿನಲ್ಲಿ ನಾನು ಕೂತು ನೋಡಿದಾಗ ಸೀರೆಯ ನೆರಿಗೆಯೆಲ್ಲ ಕೋಲಿಗೆ ಸಿಕ್ಕಿಕೊಂಡಿತು. ಹೇಗೋ ಬಿಡಿಸಿಕೊಂಡು, ಹೊಸ ಗಾಡಿಯಲ್ಲವೇ ಎಂದು ಭಕ್ತಿಯಿಂದ ಬಾಗಿ ಕೈ ಮುಗಿದೆ. ಮೊಣಕೈ ತಗಲಿ ಕೋಲು ಮುಂದಕ್ಕೆ ಹೋಯಿತು. ಹಿಂದೆ ಬಾಲ ಒರೆಸುತ್ತಿದ್ದ ಚನ್ನಬಸಪ್ಪನವರ ಕೈಯಿಂದ ಬಟ್ಟೆ ಕೆಳಗೆ ಬಿತ್ತು. ಅವರು ಮುಂದೆ ಬಂದು ನಿಧಾನಕ್ಕೆ ಹೇಳಿದರು: "ಅಕ್ಕಾರ, ಈಗ ನೆಲದ ಮ್ಯಾಲ ಅದೀವಿ, ನಡೀತೈತಿ. ಮ್ಯಾಲ ಹೋಗಿ ಹಿಂಗ ಕೈ ಮುಗದ್ರ ದೇವರು ತಾನ ಎದುರಿಗೆ ಬರ್ತಾನ."

ಅಲ್ಲಿಗೆ ಗಂಡಸರಿಬ್ಬರೂ ಸೇರಿ ನನ್ನ ಕಡೆಯ ಕೋಲನ್ನು ಬುಡದಿಂದ ಕಳಚಿಡುವಂತೆ ಮಾಡಿಬಿಟ್ಟರು. ಒಂದು ಪಿನ್ನು ಎಳೆದರೆ ಸಾಕು, ಕೈಗೆ ಬರುತ್ತದೆ.

"ರೀ, ಮೇಲೆ ನಿಮಗೇನಾದ್ರೂ ತಲೆ ಸುತ್ತಿದ್ರೆ ನಾನು ಏನು ಹಿಡ್ಕೊಳ್ಲಿ?" ಎಂದೆ.

"ಕೋಲು ಪಕ್ಕದಲ್ಲೇ ಕ್ಲಿಪ್ಪಲ್ಲಿರುತ್ತೆ ಕಣೇ. ತಗೊಂಡು ಸಿಕ್ಕಿಸ್ಕೊ."

"ಆಮೇಲೆ?"

"ಆಮೇಲೇನು, ನಿನಗೆ ಓಡ್ಸೋಕೆ ಬರುತ್ತಾ?"

ಬರುವುದಿಲ್ಲ, ನಿಜ. ಆದರೆ ಹಿಡಿದುಕೊಳ್ಳಲು ಏನೋ ಒಂದಿದೆ ಎಂಬ ಧೈರ್ಯವೇ ಬೇರೆ. ಕೋಲಿಲ್ಲದೆ ಹತ್ತುವುದಿಲ್ಲ ಎಂದು ಹಟ ಹಿಡಿದೆ. ಇವರು ಸೋತು, ಹಾಗಾದರೆ ಚೂಡಿದಾರ್ ಹಾಕಿಕೋ, ಕೋಲು ಇರಲಿ ಎಂದರು. ಮದುವೆಯಾದಾಗಿನಿಂದ ನಾನು ಸೀರೆ ಬಿಟ್ಟವಳಲ್ಲ. ಜೀವವೋ ಸೀರೆಯೋ ಎಂಬಲ್ಲಿಗೆ ಬಂದು ನಿಂತಾಗ, ಏನು ಹೇಳಲಿ, ಸೀರೆ ಗೆದ್ದಿತು.

ಹಾರುವ ದಿನ ಇವರು ಎಡಗಡೆ, ನಾನು ಬಲಗಡೆ. ಇವರ ಎಡಗೈ ವೇಗದ ಹಿಡಿಕೆಯ ಮೇಲೆ, ಬಲಗೈ ಕೋಲಿನ ಮೇಲೆ. ಕ್ಲಿಪ್ಪಿನಲ್ಲಿದ್ದ ನನ್ನ ಕೋಲನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ. ಚಕ್ರ ನೆಲ ಬಿಟ್ಟಿದ್ದೇ ತಡ, ಪಂಚಾಕ್ಷರಿಯೊಂದು ಬಿಟ್ಟು ಮಿಕ್ಕದ್ದೆಲ್ಲ ಮರೆತುಹೋಯಿತು. ಕಣ್ಣು ಬಿಟ್ಟಾಗ ನನ್ನ ಎರಡೂ ಕೈ ಇವರ ಬಲಗೈಯನ್ನು ಅಪ್ಪಿಕೊಂಡಿದ್ದವು.

ಕಿವಿಗೆ ಹಾಕಿದ್ದ ಯಂತ್ರದಲ್ಲಿ ಇವರ ದನಿ ಬಂತು: "ಕೈ ಬಿಡು."

"ಬಿಡಲ್ಲ."

"ಅದರಲ್ಲೇ ಕಣೇ ಓಡಿಸ್ತಿರೋದು."

"ಗೊತ್ತು. ಓಡ್ಸಿ."

ಶಿವನ ದಯೆ, ಹೇಗೋ ನೆಲ ಮುಟ್ಟಿದೆವು. ಚನ್ನಬಸಪ್ಪನವರು ಓಡಿ ಬಂದು, ವಿಮಾನ ಯಾಕೆ ಬಲಕ್ಕೇ ವಾಲುತ್ತಿತ್ತು, ಜೋಡಿಸಿದ್ದರಲ್ಲೇನಾದರೂ ತಪ್ಪಿದೆಯೇ ಎಂದು ಗಾಬರಿಯಿಂದ ಕೇಳಿದರು. ಇವರು ತೋಳು ಉಜ್ಜಿಕೊಳ್ಳುತ್ತಾ, "ಗಾಳಿ" ಎಂದರು. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಕಂಬದ ಮೇಲೆ ಒಗೆದು ಹಾಕಿದ ಕಾಲುಚೀಲದಂತೆ ಜೋತುಬಿದ್ದಿತ್ತು. ಚನ್ನಬಸಪ್ಪನವರು ಅದನ್ನು ನೋಡಿದರು, ಇವರ ತೋಳಿನ ಮೇಲಿದ್ದ ಬಳೆಯ ಗುರುತು ನೋಡಿದರು, ನನ್ನ ಮುಖವನ್ನು ಮಾತ್ರ ನೋಡಲಿಲ್ಲ.

"ಹೌದ್ರಿ ಸರ, ಭಾಳ ಗಾಳಿ ಇತ್ತು" ಎಂದರು.

ಆ ಗಾಳಿ ಸೆರಗು ಸರಿಮಾಡಿಕೊಂಡು, ಯಾರ ಕೈಯನ್ನೂ ಹಿಡಿಯದೆ ಕೆಳಗಿಳಿಯಿತು.